ಎರಡು ನಿಮಿಷದ ಪಿಯಾನೊ: ಶೋಪಾನ್‌ನ ಇ ಮೈನರ್ ಪ್ರೆಲ್ಯೂಡ್ ಕೇಳುವುದು ಹೇಗೆ?

2024ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಿಂದ ಒಂದು ಸುದ್ದಿ ಬಂತು. ಅಲ್ಲಿನ ಮಾರ್ಗನ್ ಲೈಬ್ರರಿ ಅಂಡ್ ಮ್ಯೂಸಿಯಂನ ಸಂಗ್ರಹದಲ್ಲಿ ಅಂಗೈ ಅಗಲದ ಒಂದು ಹಾಳೆ ಸಿಕ್ಕಿತ್ತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಬರೆದ ಒಂದು ವಾಲ್ಟ್ಜ್, ಅಂದರೆ ಮೂರೆಣಿಕೆಯ ನೃತ್ಯದ ಧಾಟಿಯ ಸಂಗೀತ. ಶಾಯಿ, ಕಾಗದ, ಕೈಬರಹ ಎಲ್ಲ ಪರೀಕ್ಷೆ ಮಾಡಿದ ತಜ್ಞರು ಇದು 19ನೇ ಶತಮಾನದ ಪಿಯಾನೊ ಸಂಗೀತಗಾರ ಫ್ರೆಡೆರಿಕ್ ಶೋಪಾನ್ ಬರೆದದ್ದೇ ಇರಬೇಕು ಎಂದರು. ಎಲ್ಲರೂ ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ಸುದ್ದಿ ಮಾತ್ರ ಜಗತ್ತೆಲ್ಲ ಸುತ್ತಿತು. ನುಡಿಸಿದರೆ ಹೆಚ್ಚೆಂದರೆ ಒಂದೂವರೆ ನಿಮಿಷದ ತುಣುಕು ಅದು. ಇಷ್ಟು ಚಿಕ್ಕದಕ್ಕೆ ಅಷ್ಟೊಂದು ಗದ್ದಲ ಯಾಕೆ ಎಂದು ಅನಿಸುವುದು ಸಹಜ, ಅಲ್ವಾ?

ಉತ್ತರ ಬೇಕಿದ್ದರೆ ಹೊಸದಾಗಿ ಸಿಕ್ಕಿದ ವಾಲ್ಟ್ಜ್ ಬಿಟ್ಟು, ಯಾರಿಗೂ ಅನುಮಾನವಿಲ್ಲದ ಒಂದು ಕೃತಿಯನ್ನು ಹಿಡಿಯುವುದು ಒಳ್ಳೆಯದು. ಇ ಮೈನರ್ ಪ್ರೆಲ್ಯೂಡ್, ಓಪಸ್ 28, ನಂಬರ್ 4. ಅದನ್ನು ನೀವು ಈಗಾಗಲೇ ಕೇಳಿರುವ ಸಾಧ್ಯತೆ ಇದೆ. ಕೀಬೋರ್ಡ್ ಕ್ಲಾಸಿಗೆ ಹೋಗುವ ಮಕ್ಕಳು ನುಡಿಸುತ್ತಾರೆ, ಫೋನಿನಲ್ಲಿ ಬರುವ ವಿಡಿಯೊಗಳ ಹಿಂದೆ ತೇಲುತ್ತಿರುತ್ತದೆ. ಒಟ್ಟು 25 ಬಾರ್, ಸುಮಾರು ಎರಡು ನಿಮಿಷ. ಬಾರ್ ಎಂದರೆ ನಮ್ಮ ತಾಳದ ಆವರ್ತದ ಹಾಗೆ, ಸಂಗೀತವನ್ನು ಸಮನಾಗಿ ಭಾಗ ಮಾಡುವ ಅಳತೆ.

ಈ ಲೇಖನ ಓದಲು ಪಾಶ್ಚಾತ್ಯ ಸಂಗೀತ ಗೊತ್ತಿರಬೇಕಿಲ್ಲ. ಸರಿಗಮ ಗೊತ್ತಿದ್ದರೆ ಸಾಕು. ನಿಜ ಹೇಳಬೇಕೆಂದರೆ, ಸರಿಗಮ ಗೊತ್ತಿರುವವರಿಗೆ ಈ ಕೃತಿಯಲ್ಲಿ ಏನು ನಡೆಯುತ್ತಿದೆ ಎನ್ನುವುದು ಬೇಗ ಹಿಡಿಸುತ್ತದೆ.

ಚಿಕ್ಕ ಕೃತಿಗಳ ಕಾಲ

ಯುರೋಪಿನ ಸಂಗೀತದಲ್ಲಿ ಹೆಚ್ಚುಕಮ್ಮಿ 19ನೇ ಶತಮಾನವನ್ನು ರೊಮ್ಯಾಂಟಿಕ್ ಯುಗ ಎಂದು ಕರೆಯುತ್ತಾರೆ. ಅದಕ್ಕೆ ಮೊದಲು ಪಿಯಾನೊಗೆ ಬರೆದ ದೊಡ್ಡ ಕೃತಿ ಎಂದರೆ ಸೊನಾಟಾ. ಮೂರು ನಾಲ್ಕು ಭಾಗ, ಹದಿನೈದು ಇಪ್ಪತ್ತು ನಿಮಿಷ, ಒಂದು ವಿಷಯ ಎತ್ತಿಕೊಂಡು ಬೆಳೆಸುವುದು, ತಿರುಗಿ ತರುವುದು. ರೊಮ್ಯಾಂಟಿಕ್ ಕಾಲದವರು ಸೊನಾಟಾ ಬಿಡಲಿಲ್ಲ. ಆದರೆ ಅದರ ಪಕ್ಕದಲ್ಲೇ ಒಂದು ಮನಸ್ಥಿತಿಯನ್ನು ಮಾತ್ರ ಹಿಡಿದು, ಹೇಳಿ, ಮುಗಿಸುವ ಪುಟ್ಟ ಕೃತಿಗಳು ಹುಟ್ಟಿಕೊಂಡವು. ನಾಕ್‌ಟರ್ನ್, ಮಜೂರ್ಕಾ, ವಾಲ್ಟ್ಜ್, ಇಂಟರ್‌ಮೆಝೊ, ಪ್ರೆಲ್ಯೂಡ್. ಹೆಸರು ಬೇರೆ ಬೇರೆ, ಗಾತ್ರ ಹೆಚ್ಚುಕಡಿಮೆ ಒಂದೇ.

ಇದಕ್ಕೆ ವ್ಯಾಪಾರದ ಕಾರಣವೂ ಇತ್ತು. ಪ್ಯಾರಿಸ್‌ನಲ್ಲಿ ಪ್ಲೆಯೆಲ್, ಎರಾರ್ ಎಂಬ ಕಂಪನಿಗಳು ಪಿಯಾನೊ ತಯಾರಿಸುತ್ತಿದ್ದವು. ಮಧ್ಯಮ ವರ್ಗದ ಮನೆಗಳಿಗೂ ಪಿಯಾನೊ ಬಂತು. ಮನೆಗೆ ಪಿಯಾನೊ ಬಂದ ಮೇಲೆ ನುಡಿಸಲು ಏನಾದರೂ ಬೇಕು. ಅಚ್ಚಾದ ಸಂಗೀತದ ಹಾಳೆಗಳು ಮಾರಾಟವಾಗತೊಡಗಿದವು. ಒಂದೆರಡು ಪುಟದಲ್ಲಿ ಮುಗಿಯುವ ಕೃತಿ ಮನೆಯ ದಿವಾನಖಾನೆಗೂ ಸರಿ, ಸಂಗೀತ ಕಲಿಯುವ ಹುಡುಗಿಗೂ ಸರಿ, ಪ್ರಕಾಶಕನ ಜೇಬಿಗೂ ಸರಿ.

ಶೋಪಾನ್ ಈ ಲೋಕಕ್ಕೆ ಹೇಳಿ ಮಾಡಿಸಿದ ಹಾಗಿದ್ದ. 1810ರಲ್ಲಿ ಪೋಲೆಂಡಿನ ವಾರ್ಸಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವನು. 1830ರಲ್ಲಿ ಊರು ಬಿಟ್ಟ, ಮರುವರ್ಷ ಪ್ಯಾರಿಸ್ ಸೇರಿದ, ಮತ್ತೆ ಪೋಲೆಂಡಿಗೆ ಹೋಗಲಿಲ್ಲ. ಬರೆದದ್ದೆಲ್ಲ ಸರಿಸುಮಾರು ಪಿಯಾನೊಗಾಗಿಯೇ. ದೊಡ್ಡ ಸಭಾಂಗಣದ ಕಛೇರಿಗಳು ಅವನಿಗೆ ಆಗಿಬರುತ್ತಿರಲಿಲ್ಲ. ಪಾಠ ಹೇಳಿಕೊಟ್ಟು, ಕೃತಿಗಳನ್ನು ಮಾರಿ, ಹತ್ತಿಪ್ಪತ್ತು ಜನ ಕೂತ ಕೋಣೆಯಲ್ಲಿ ಮೆಲ್ಲಗೆ ನುಡಿಸಿ ಜೀವನ ಮಾಡಿದ. 1849ರಲ್ಲಿ ತೀರಿಕೊಂಡಾಗ ವಯಸ್ಸು 39.

ಪ್ರೆಲ್ಯೂಡ್, ಓಪಸ್, ಇ ಮೈನರ್: ಈ ಹೆಸರಿನಲ್ಲಿ ಏನಿದೆ?

ಮೊದಲಿಗೆ ಪ್ರೆಲ್ಯೂಡ್. ದೊಡ್ಡ ಕೃತಿ ಶುರು ಮಾಡುವ ಮೊದಲು ನುಡಿಸುವ ಚಿಕ್ಕ ಮುನ್ನುಡಿಗೆ ಆ ಹೆಸರಿತ್ತು. ವಾದ್ಯ ಶ್ರುತಿಯಲ್ಲಿದೆಯೇ ಎಂದು ನೋಡಿಕೊಂಡ ಹಾಗೂ ಆಯಿತು, ಕೇಳುಗರ ಕಿವಿ ಅಣಿಗೊಳಿಸಿದ ಹಾಗೂ ಆಯಿತು. ಶೋಪಾನ್ ಮುನ್ನುಡಿಗಳನ್ನು ಬರೆದ, ಪುಸ್ತಕವನ್ನು ಬರೆಯಲೇ ಇಲ್ಲ. ಅವನ 24 ಪ್ರೆಲ್ಯೂಡ್‌ಗಳ ಮುಂದೆ ಬೇರೆ ಏನೂ ಬರುವುದಿಲ್ಲ. 1839ರಲ್ಲಿ ಇವು ಅಚ್ಚಾದಾಗ ಕೆಲವರು ತಬ್ಬಿಬ್ಬಾದರು. ಸಂಗೀತಗಾರನೂ ವಿಮರ್ಶಕನೂ ಆಗಿದ್ದ ರಾಬರ್ಟ್ ಶೂಮನ್ ಇವು ಕರಡುಗಳ ಹಾಗೆ, ಪಾಳುಬಿದ್ದ ಕಟ್ಟಡದ ಚೂರುಗಳ ಹಾಗೆ, ಹದ್ದಿನ ಬಿಡಿ ಗರಿಗಳ ಹಾಗೆ ಇವೆ ಎಂಬ ಅರ್ಥದಲ್ಲಿ ಬರೆದ. ಬೈದದ್ದಲ್ಲ. ಆದರೆ ಬೆರಗಿನ ಜೊತೆ ಸ್ವಲ್ಪ ಗೊಂದಲವೂ ಅದರಲ್ಲಿದೆ.

24 ಯಾಕೆ? ಪಿಯಾನೊದಲ್ಲಿ ಒಂದು ಸ್ಥಾಯಿಗೆ 12 ಸ್ವರ. ಒಂದೊಂದನ್ನೂ ಷಡ್ಜ ಮಾಡಿಕೊಂಡು ಎರಡು ಬಗೆಯ ಸ್ವರಶ್ರೇಣಿ ಕಟ್ಟಬಹುದು, ಮೇಜರ್ ಮತ್ತು ಮೈನರ್. ಹನ್ನೆರಡೆರಡ್ಲೆ ಇಪ್ಪತ್ನಾಲ್ಕು. ಇದಕ್ಕೂ ಸುಮಾರು ನೂರು ವರ್ಷ ಹಿಂದೆ ಜರ್ಮನಿಯ ಸಂಗೀತಗಾರ ಬಾಖ್ ಹೀಗೆಯೇ 24 ಶ್ರೇಣಿಗಳಲ್ಲೂ ಬರೆದಿದ್ದ, ಅದೂ ಎರಡು ಸಲ. ಶೋಪಾನ್‌ಗೆ ಬಾಖ್ ಎಂದರೆ ಪ್ರಾಣ.

ಓಪಸ್ 28 ಎನ್ನುವುದು ಕೃತಿಗಳ ಪಟ್ಟಿಯಲ್ಲಿ ಈ ಗುಚ್ಛದ ಕ್ರಮಸಂಖ್ಯೆ. ಅದರಲ್ಲಿ ನಮ್ಮದು ನಾಲ್ಕನೆಯದು.

ಇನ್ನು ಇ ಮೈನರ್. ಇದಕ್ಕೆ ಸ್ವಲ್ಪ ನಿಲ್ಲೋಣ. ಇ ಎಂದರೆ ಹಾರ್ಮೋನಿಯಂನವರು ಬಿಳಿ ಮೂರು ಎನ್ನುವ ಸ್ವರ. ಅದನ್ನು ಷಡ್ಜ ಎಂದು ಇಟ್ಟುಕೊಳ್ಳಿ. ಮೈನರ್ ಎನ್ನುವ ಶ್ರೇಣಿ ಕರ್ನಾಟಕ ಸಂಗೀತ ಕೇಳಿದವರಿಗೆ ಹೊಸದೇನಲ್ಲ. ಸ್ವರಗಳ ಲೆಕ್ಕದಲ್ಲಿ ನೋಡಿದರೆ ಅದು 20ನೇ ಮೇಳಕರ್ತ ನಟಭೈರವಿ. ಅದರ ನಿಷಾದವನ್ನು ಒಂದು ಮೆಟ್ಟು ಏರಿಸಿ ಕಾಕಲಿ ನಿಷಾದ ಮಾಡಿದರೆ 21ನೆಯದು, ಕೀರವಾಣಿ. ಯುರೋಪಿನ ಸಂಗೀತಗಾರರು ಮೈನರ್‌ನಲ್ಲಿ ಬರೆಯುವಾಗ ಈ ಎರಡು ನಿಷಾದಗಳನ್ನೂ ಬೇಕಾದ ಕಡೆ ಬೇಕಾದ ಹಾಗೆ ಬಳಸುತ್ತಾರೆ. ಹಾಗಂತ ಇದು ರಾಗ ಎಂದುಕೊಳ್ಳಬಾರದು. ಗಮಕವಿಲ್ಲ, ಸಂಚಾರವಿಲ್ಲ, ಜೀವಸ್ವರದ ಕಲ್ಪನೆಯಿಲ್ಲ. ಹೋಲುವುದು ಸ್ವರಸ್ಥಾನಗಳು ಮಾತ್ರ. ಆದರೂ ಹೊಸ ಊರಿನಲ್ಲಿ ದಾರಿ ಹುಡುಕಲು ಅಷ್ಟು ಸಾಕು.

ಈ ಎರಡೂ ಲೋಕದಲ್ಲಿ ಓಡಾಡಿದ ಒಬ್ಬರು ನಮ್ಮಲ್ಲೇ ಇದ್ದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು, ಪಿಯಾನೊವನ್ನೂ ಶಾಸ್ತ್ರೀಯವಾಗಿ ಕಲಿತವರು. ಪಿಯಾನೊಗೆ ಪುಟ್ಟ ಕೃತಿಗಳನ್ನು ಬರೆಯುವುದರಲ್ಲಿ ಹೆಸರಾಗಿದ್ದ ರಷ್ಯಾದ ನಿಕೊಲಾಯ್ ಮೆಡ್ಟ್‌ನರ್ ವಯಸ್ಸಾಗಿ ಲಂಡನ್ನಿನಲ್ಲಿ ಮೂಲೆಗೆ ಸರಿದಿದ್ದಾಗ, ಅವನ ಸಂಗೀತವನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಇವರೇ. ಮೆಡ್ಟ್‌ನರ್ ತನ್ನ ಮೂರನೇ ಪಿಯಾನೊ ಕಾನ್ಚೆರ್ಟೊವನ್ನು, ಅಂದರೆ ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿಯನ್ನು, ಮೈಸೂರು ಮಹಾರಾಜರಿಗೆ ಅರ್ಪಿಸಿದ.

ಮಯೋರ್ಕಾದ ಆ ಚಳಿಗಾಲ

ಈ ಪ್ರೆಲ್ಯೂಡ್‌ಗಳ ಜೊತೆ ಒಂದು ಕಥೆ ಅಂಟಿಕೊಂಡಿದೆ. 1838ರ ನವೆಂಬರ್‌ನಲ್ಲಿ ಶೋಪಾನ್, ಲೇಖಕಿ ಜಾರ್ಜ್ ಸಾಂಡ್ ಮತ್ತು ಆಕೆಯ ಇಬ್ಬರು ಮಕ್ಕಳು ಸ್ಪೇನ್‌ಗೆ ಸೇರಿದ ಮಯೋರ್ಕಾ ದ್ವೀಪಕ್ಕೆ ಬಂದರು. ಬಿಸಿಲಿದ್ದರೆ ಇವನ ಎದೆಯ ಕಾಯಿಲೆ ಸುಧಾರಿಸೀತು ಎಂಬ ಆಸೆ. ಬಂದದ್ದು ಮಳೆ. ಕ್ಷಯ ಎಂದು ಗುಲ್ಲೆದ್ದದ್ದೇ ಬಾಡಿಗೆ ಮನೆಯವನು ಹೊರಗೆ ಹಾಕಿದ. ಡಿಸೆಂಬರ್‌ನಲ್ಲಿ ವಾಲ್ಡೆಮೊಸಾ ಎಂಬ ಬೆಟ್ಟದೂರಿನ ಖಾಲಿ ಮಠದಲ್ಲಿ ಕೋಣೆ ಹಿಡಿದರು. ಪ್ಯಾರಿಸ್‌ನಿಂದ ಹೊರಟ ಪ್ಲೆಯೆಲ್ ಪಿಯಾನೊ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದು, ಕೈಗೆ ಬಂದದ್ದು ಜನವರಿಯಲ್ಲಿ. ಅದೇ ತಿಂಗಳು ಶೋಪಾನ್ ಪ್ರೆಲ್ಯೂಡ್‌ಗಳ ಹಸ್ತಪ್ರತಿ ಮುಗಿಸಿ ಪ್ಯಾರಿಸ್‌ಗೆ ಕಳಿಸಿದ. ಫೆಬ್ರವರಿಯಲ್ಲಿ ಎಲ್ಲರೂ ದ್ವೀಪ ಬಿಟ್ಟರು. ಈ ಪ್ರೆಲ್ಯೂಡ್‌ಗಳನ್ನು 2000 ಫ್ರಾಂಕ್‌ಗೆ ಮೊದಲೇ ಕೊಂಡಿದ್ದವನು ಪಿಯಾನೊ ತಯಾರಕ ಕಮೀಯ್ ಪ್ಲೆಯೆಲ್. ಫ್ರೆಂಚ್ ಆವೃತ್ತಿಯ ಮೊದಲ ಪುಟದಲ್ಲಿ ಅವನಿಗೇ ಅರ್ಪಣೆ.

ಮಳೆ, ಮಠ, ಕೆಮ್ಮು. ಇಷ್ಟು ಸಾಮಾನು ಸಿಕ್ಕ ಮೇಲೆ ಜನ ಸುಮ್ನೆ ಇರುತ್ತಾರಾ? ಈ ಇ ಮೈನರ್ ಪ್ರೆಲ್ಯೂಡ್‌ಗೆ ಹಾನ್ಸ್ ಫಾನ್ ಬ್ಯೂಲೊ ಎಂಬ ಪಿಯಾನೊ ವಾದಕ ಮುಂದೆ 'ಉಸಿರುಕಟ್ಟುವಿಕೆ' ಎಂಬ ಅಡ್ಡಹೆಸರು ಕೊಟ್ಟ. ಶೋಪಾನ್ ಮಾತ್ರ ಯಾವ ಪ್ರೆಲ್ಯೂಡ್‌ಗೂ ಹೆಸರಿಡಲಿಲ್ಲ. ಜಾರ್ಜ್ ಸಾಂಡ್ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾಳೆ. ಮಠದಲ್ಲಿ ನುಡಿಸಿದ ಒಂದು ಪ್ರೆಲ್ಯೂಡ್‌ನಲ್ಲಿ ಮಳೆಹನಿಯ ಸದ್ದು ಕೇಳಿಸುತ್ತದೆ ಎಂದು ಆಕೆ ಅಂದಾಗ ಇವನಿಗೆ ಸಿಟ್ಟು ಬಂತಂತೆ. ಸಂಗೀತ ಹೊರಗಿನ ಸದ್ದಿನ ನಕಲಲ್ಲ ಎಂಬುದು ಇವನ ವಾದ. ಹಾಗಾಗಿ ಕಥೆ ಗೊತ್ತಿರಲಿ, ಆದರೆ ಇಲ್ಲಿಂದ ಮುಂದೆ ಸ್ವರಗಳನ್ನೇ ನೋಡೋಣ. ದುಃಖ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಕಾರಣ ಅಲ್ಲೇ ಸಿಗುತ್ತದೆ.

ಬಲಗೈ ಏನು ಮಾಡುತ್ತದೆ?

ಬಹಳ ಕಡಿಮೆ. ಇಷ್ಟು ಪ್ರಸಿದ್ಧ ಕೃತಿಯಲ್ಲಿ ರಾಗಭಾಗ ಇಷ್ಟು ಬಡವಾಗಿದೆ ಎನ್ನುವುದೇ ಆಶ್ಚರ್ಯ.

ಇ ಷಡ್ಜ ಎಂದು ಇಟ್ಟುಕೊಂಡೆವಲ್ಲ. ಕೃತಿ ಮಂದ್ರದ ಪಂಚಮದಿಂದ ಮಧ್ಯದ ಪಂಚಮಕ್ಕೆ ಒಂದು ಜಿಗಿತದಿಂದ ಶುರುವಾಗುತ್ತದೆ. ಆಮೇಲೆ ಬಲಗೈ ಉದ್ದವಾಗಿ ಪ ಹಿಡಿದು, ಚಿಕ್ಕದಾಗಿ ಶುದ್ಧ ದ ಮುಟ್ಟಿ ವಾಪಸ್ ಬರುತ್ತದೆ. ಪ, ದ, ಪ, ದ, ಪ, ದ. ಇಷ್ಟೇ ಮೂರು ಬಾರ್. ನಾಲ್ಕನೆಯದರ ಕೊನೆಗೆ ಪ್ರತಿ ಮಧ್ಯಮದ ಮೂಲಕ ಜಾರಿ ಶುದ್ಧ ಮಧ್ಯಮಕ್ಕೆ ಇಳಿಯುತ್ತದೆ. ಅಲ್ಲೂ ಅದೇ ಆಟ. ಈಗ ಮ, ಪ, ಮ, ಪ. ಮಧ್ಯೆ ಒಂದು ಸಣ್ಣ ಹೊರಳು, ಆಮೇಲೆ ರಿಷಭ. ಅಲ್ಲಿ ರಿ, ಮ, ರಿ, ಮ. ಹನ್ನೆರಡು ಬಾರ್ ಕಳೆಯುವಷ್ಟರಲ್ಲಿ ಪ ಇಂದ ರಿ ತನಕ ಮಾತ್ರ ಬಂದಿರುತ್ತೇವೆ.

ಷಡ್ಜಕ್ಕೆ ಬರಬೇಕಿತ್ತು. ಬರಲಿಲ್ಲ. ಒಂದೇ ಮೆಟ್ಟು ಬಾಕಿ ಇರುವಾಗ ನಿಂತು, ಮತ್ತೆ ಮೊದಲಿನ ಪ ಗೆ ಹೋಗುತ್ತದೆ.

ನಮ್ಮ ಕಿವಿಗೆ ಇಲ್ಲಿ ಒಂದು ಕಷ್ಟ ಇದೆ. ಉದ್ದವಾದ ಪ ಹಿಡಿದರೆ ವೈಣಿಕರಾಗಲಿ ಗಾಯಕರಾಗಲಿ ಅದರೊಳಗೆ ಏನಾದರೂ ಮಾಡುತ್ತಾರೆ. ಉಸಿರು ಏರಿಸುತ್ತಾರೆ, ಇಳಿಸುತ್ತಾರೆ, ದ ಗೆ ಹೋಗುವಾಗ ತೂಗಿಕೊಂಡು ಹೋಗುತ್ತಾರೆ. ಪಿಯಾನೊಗೆ ಅದು ಸಾಧ್ಯವೇ ಇಲ್ಲ. ಕೀ ಒತ್ತಿದರೆ ಒಳಗೆ ಸುತ್ತಿಗೆ ತಂತಿಗೆ ಬಡಿಯುತ್ತದೆ. ಅಲ್ಲಿಂದ ನಾದ ಕ್ಷೀಣಿಸುತ್ತಾ ಹೋಗುತ್ತದೆ, ಅಷ್ಟೆ. ಏರಿಸಲಾಗದು, ಜಗ್ಗಲಾಗದು. ಸಾಯುತ್ತಿರುವ ಒಂದು ಸ್ವರವನ್ನು ಜೀವಂತ ಇಡುವುದು ಹೇಗೆ? ಶೋಪಾನ್ ಸ್ವರವನ್ನು ಮುಟ್ಟಲಿಲ್ಲ. ಅದರ ಕೆಳಗಿರುವುದನ್ನು ಬದಲಿಸಿದ.

ನಿಜವಾದ ಕಥೆ ಎಡಗೈಯಲ್ಲಿ

ಎಡಗೈ ಮೊದಲಿನಿಂದಲೂ ಮೂರು ಸ್ವರಗಳನ್ನು ಒಟ್ಟಿಗೆ ಒತ್ತುತ್ತಿರುತ್ತದೆ. ಹೀಗೆ ಒಂದೇ ಕ್ಷಣ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಗಿಟಾರ್ ಹುಡುಗರ ಬಾಯಲ್ಲಿ ಕಾರ್ಡ್ಸ್ ಎಂದು ಕೇಳಿರುತ್ತೀರಿ, ಅದೇ. ಒಂದು ಬಾರ್‌ಗೆ 8 ಸಲ, ಸಮನಾದ ಲಯದಲ್ಲಿ, ಮೆಲ್ಲಗೆ. ಹಾಳೆಯ ಮೇಲೆ ಶೋಪಾನ್ ಬರೆದ ಸೂಚನೆ ಲಾರ್ಗೊ, ಅಂದರೆ ತುಂಬ ನಿಧಾನ.

ಮೊದಲ ಕಾರ್ಡ್ ಕೆಳಗಿನಿಂದ ಮೇಲಕ್ಕೆ ಗ, ಪ, ಸ. ಮೈನರ್ ಶ್ರೇಣಿಯ ಮನೆ ಎನ್ನಬಹುದಾದ ಕಾರ್ಡ್ ಇದು, ಆದರೆ ಜೋಡಿಸಿದ ರೀತಿ ನೋಡಿ. ಷಡ್ಜ ತಳದಲ್ಲಿ ಇರಬೇಕಿತ್ತು, ತಳದಲ್ಲಿರುವುದು ಗಾಂಧಾರ. ಸ್ವರಗಳು ಸರಿಯಾಗಿಯೇ ಇವೆ, ಕೂತ ಭಂಗಿ ಮಾತ್ರ ಭದ್ರವಾಗಿಲ್ಲ. ಮೊದಲ ಸದ್ದಿನಿಂದಲೇ ಒಂದು ಅಸ್ಥಿರತೆ ಇದೆ.

ಆಮೇಲೆ ಇಳಿತ ಶುರು. ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಮೂವರು ಬೇರೆ ಬೇರೆ ಎತ್ತರದಲ್ಲಿ ಕೂತಿದ್ದಾರೆ ಎಂದುಕೊಳ್ಳಿ. ಎಲ್ಲರೂ ನೀರಿನ ಕಡೆಗೆ ಇಳಿಯಬೇಕು. ಒಟ್ಟಿಗೆ ಎದ್ದು ಇಳಿಯುವುದಿಲ್ಲ. ಒಬ್ಬರು ಒಂದು ಮೆಟ್ಟಿಲು ಕೆಳಗೆ ಸರಿದು ಕೂರುತ್ತಾರೆ, ಉಳಿದವರು ಇದ್ದಲ್ಲೇ ಇರುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಕೆಲವೊಮ್ಮೆ ಇಬ್ಬರು ಒಟ್ಟಿಗೆ. ಯಾವ ಕ್ಷಣದಲ್ಲಿ ನೋಡಿದರೂ ಗುಂಪು ಬದಲಾಗಿರುತ್ತದೆ, ಆದರೆ ಯಾವಾಗ ಬದಲಾಯಿತು ಎಂದು ಬೆರಳು ತೋರಿಸುವುದು ಕಷ್ಟ. ಶೋಪಾನ್‌ನ ಎಡಗೈ ಇರುವುದು ಹೀಗೆ. ತಳದ ಗ ಇಳಿದು ರಿ ಆಗುತ್ತದೆ. ನಡುವಿನ ಪ ಮ ಗೆ ಸರಿಯುತ್ತದೆ. ಮೇಲಿನ ಸ ಕಾಕಲಿ ನಿಷಾದಕ್ಕೆ ಜಾರುತ್ತದೆ. ಹೆಚ್ಚಿನ ಹೆಜ್ಜೆಗಳು ಪಿಯಾನೊದ ಪಕ್ಕದ ಕೀಗೆ ಮಾತ್ರ, ಇರುವುದರಲ್ಲೇ ಅತಿ ಚಿಕ್ಕ ಅಂತರ. ಹೀಗೆ ಇಳಿಯುವಾಗ ಶ್ರೇಣಿಯ ಏಳು ಸ್ವರಗಳಿಗೆ ಕಟ್ಟುಬೀಳಲು ಆಗುವುದಿಲ್ಲ. ಹೆಚ್ಚುಕಮ್ಮಿ ಹನ್ನೆರಡೂ ಸ್ವರಸ್ಥಾನಗಳು ಎಲ್ಲೋ ಒಂದು ಕಡೆ ಬಂದು ಹೋಗುತ್ತವೆ.

ಈಗ ಬಲಗೈಯ ಆ ಉದ್ದದ ಪ ಗೆ ವಾಪಸ್ ಬನ್ನಿ. ಈ ಕೃತಿಯ ಗುಟ್ಟೆಲ್ಲ ಇಲ್ಲಿದೆ.

ನಮ್ಮ ಸಂಗೀತದಲ್ಲಿ ತಂಬೂರಿ ಒಂದೇ ಸ, ಪ ಹಿಡಿದಿರುತ್ತದೆ. ಕಛೇರಿ ಮುಗಿಯುವ ತನಕ ಅದು ಕದಲುವುದಿಲ್ಲ. ಪ್ರತಿ ಸ್ವರಕ್ಕೂ ಬಣ್ಣ ಬರುವುದು ಆ ಕದಲದ ಷಡ್ಜದ ಎದುರು. ಯುರೋಪಿನ ಈ ಪದ್ಧತಿಯಲ್ಲಿ ಕೆಳಗಿನ ಆಧಾರವೇ ಓಡಾಡುತ್ತದೆ. ಮೇಲಿನ ಸ್ವರ ಇದ್ದಲ್ಲೇ ಇದ್ದರೂ ಅದರ ಅರ್ಥ ಬದಲಾಗುತ್ತದೆ. ಮೊದಲ ಬಾರ್‌ನಲ್ಲಿ ಪ ಆರಾಮಾಗಿದೆ, ಏಕೆಂದರೆ ಕೆಳಗಿನ ಕಾರ್ಡ್‌ನಲ್ಲೂ ಪ ಇದೆ. ಎರಡನೆಯದರಲ್ಲಿ ಕೆಳಗಿನ ಗುಂಪು ಸರಿದಿದೆ, ಅದೇ ಪ ಈಗ ಏನನ್ನೋ ಕೇಳುತ್ತಿರುವ ಹಾಗಿದೆ. ಮೂರನೆಯದರಲ್ಲಿ ಇನ್ನೂ ಒಂದು ಸ್ವರ ಜಾರಿದೆ, ಅದೇ ಪ ಚುಚ್ಚುತ್ತದೆ. ಬಲಗೈ ಹೊಸದಾಗಿ ಏನೂ ಹೇಳಿಲ್ಲ. ಆದರೂ ಅದರ ದನಿ ಮೂರು ಸಲ ಬದಲಾಗಿದೆ.

ಒಂದು ಸ್ವರ ಬದಲಾಗದೆ ಬದಲಾಗುವುದು. ಯುರೋಪಿನವರು ಹಾರ್ಮನಿ ಎನ್ನುವ, ಒಟ್ಟಿಗೆ ನುಡಿಯುವ ಸ್ವರಗಳ ಹೊಂದಾಣಿಕೆಯ ಶಕ್ತಿಯನ್ನು ಇಷ್ಟು ಬರಿದಾಗಿ, ಬೇರೆ ಯಾವ ಅಲಂಕಾರವೂ ಅಡ್ಡ ಬರದ ಹಾಗೆ ತೋರಿಸುವ ಕೃತಿ ನನಗೆ ಇನ್ನೊಂದು ಗೊತ್ತಿಲ್ಲ. ಮಾಧುರ್ಯ ಎಂದರೆ ಹಾಡುವ ಭಾಗ ಎಂದು ರೂಢಿಯಾದ ನಮ್ಮ ಕಿವಿ ಬಲಗೈಯನ್ನೇ ಹಿಂಬಾಲಿಸುತ್ತದೆ. ಆಮೇಲೆ ಇದೇನು, ಎರಡೇ ಸ್ವರ ಎಂದು ಬೇಜಾರಾಗುತ್ತದೆ. ಒಮ್ಮೆ ಎಡಗೈ ಹಿಡಿದು ಕೇಳಿ. ಬೇರೆಯೇ ಕೃತಿ ಕೇಳಿಸುತ್ತದೆ.

ಇನ್ನು ಆ ಶುದ್ಧ ದ. ಅದು ಕೆಳಗಿನ ಕಾರ್ಡ್‌ಗೆ ಸೇರದ ಸ್ವರ. ಪ ಕ್ಕೆ ತೀರ ಪಕ್ಕದಲ್ಲಿರುವುದರಿಂದ ಪ ಕಡೆಗೆ ವಾಲುತ್ತದೆ. ವಾಲಿ ಬಿಡುಗಡೆಯಾಗುವ ಈ ಅರ್ಧ ಹೆಜ್ಜೆಯನ್ನು ಯುರೋಪಿನ ಸಂಗೀತದಲ್ಲಿ ಶೋಪಾನ್‌ಗಿಂತ ನೂರಾರು ವರ್ಷ ಮೊದಲಿನಿಂದಲೂ ಅಳುವಿಗೆ, ನಿಟ್ಟುಸಿರಿಗೆ ಬಳಸುತ್ತಾ ಬಂದಿದ್ದರು. ಕೇಳುಗರಿಗೆ ಅದರ ಪರಿಚಯ ಇತ್ತು. ತಳದ ಸ್ವರ ಅರ್ಧರ್ಧ ಹೆಜ್ಜೆಯಾಗಿ ಇಳಿಯುವುದೂ ಹಾಗೆಯೇ, ಒಪೆರಾಗಳ ಶೋಕಗೀತೆಗಳಲ್ಲಿ ಹಳೆಯ ರೂಢಿ. ಶೋಪಾನ್ ಎರಡನ್ನೂ ಒಂದರ ಮೇಲೊಂದು ಇಟ್ಟ. ದುಃಖ ಎಂದು ನಮಗೆ ಅನಿಸುವುದಕ್ಕೆ ಹೀಗೆ ಕಲಿತ ಕಿವಿಯ ಪಾಲೂ ಇದೆ.

ಒಂದೇ ಒಂದು ಸ್ಫೋಟ

ಹನ್ನೆರಡನೇ ಬಾರ್‌ಗೆ ಎಡಗೈಯ ತಳ ಇಳಿದಿಳಿದು ಪಂಚಮಕ್ಕೆ ಬಂದು ನಿಲ್ಲುತ್ತದೆ. ಪಂಚಮದ ಮೇಲೆ ಕಟ್ಟಿದ ಕಾರ್ಡ್‌ನಲ್ಲಿ ಕಾಕಲಿ ನಿಷಾದ ಇರುತ್ತದೆ. ಕೀರವಾಣಿಯಲ್ಲಿ ನಿಷಾದ ಹಿಡಿದು ನಿಲ್ಲಿಸಿದರೆ ಕೇಳುವವರಿಗೆ ಮೇಲಿನ ಷಡ್ಜ ಬೇಕೇ ಬೇಕು ಎನಿಸುತ್ತದೆ, ಅಲ್ವಾ? ಇಲ್ಲೂ ಅದೇ ಸೆಳೆತ. ಪಾಶ್ಚಾತ್ಯ ಸಂಗೀತದ ಅರ್ಧಕ್ಕರ್ಧ ವ್ಯಾಕರಣ ನಿಂತಿರುವುದು ಪಂಚಮದ ಕಾರ್ಡ್‌ನಿಂದ ಷಡ್ಜದ ಕಾರ್ಡ್‌ಗೆ ಹೋಗುವ ಈ ಸೆಳೆತದ ಮೇಲೆ.

ಹದಿಮೂರನೆಯದರಲ್ಲಿ ಷಡ್ಜ ಕೊಡುತ್ತಾನೆ, ಆದರೆ ಮತ್ತೆ ಅದೇ ಗ, ಪ, ಸ. ಗಾಂಧಾರ ತಳದಲ್ಲಿ. ಎಲ್ಲ ಮೊದಲಿನಿಂದ. ಮತ್ತೆ ಪ, ದ, ಪ, ದ. ಹಿಂದಿನ ಸಲದಷ್ಟೇ ನಿಧಾನವಾಗಿ ಇಳಿಯುತ್ತದೆ ಎಂದು ನೀವು ಕಾಯುತ್ತಿರುವಾಗ ಹದಿನಾರನೇ ಬಾರ್‌ನಲ್ಲಿ 'ಸ್ಟ್ರೆಟ್ಟೊ' ಎಂಬ ಸೂಚನೆ ಬರುತ್ತದೆ, ಬಿಗಿಹಿಡಿದು ಮುಂದಕ್ಕೆ ನುಗ್ಗು ಎಂದರ್ಥ. ಮುಂದಿನ ಬಾರ್‌ಗೆ ಜೋರು ದನಿ. ಇಲ್ಲಿಯ ತನಕ ಎರಡು ಸ್ವರಗಳ ನಡುವೆ ಕೂತಿದ್ದ ಬಲಗೈ ದೊಡ್ಡ ಜಿಗಿತಗಳಲ್ಲಿ ಏರಿ ಬೀಳುತ್ತದೆ. ಎರಡು ಮೂರು ಬಾರ್ ಅಷ್ಟೆ. ಹತ್ತೊಂಬತ್ತನೆಯದಕ್ಕೆ ದನಿ ಮತ್ತೆ ಇಳಿದಿರುತ್ತದೆ.

ಇಡೀ ಕೃತಿಯಲ್ಲಿ ದನಿ ಏರುವ ಜಾಗ ಇದೊಂದೇ. ಉಳಿದದ್ದೆಲ್ಲ ತಡೆದುಕೊಂಡೇ ಇದ್ದದ್ದರಿಂದ ಈ ಮೂರು ಬಾರ್‌ಗೆ ಅಷ್ಟು ಬಲ.

ಷಡ್ಜ ಬಂತು, ಆದರೆ

ಇಪ್ಪತ್ತೊಂದನೇ ಬಾರ್. ಬಲಗೈ ಕೊನೆಗೂ ಷಡ್ಜ ಮುಟ್ಟುತ್ತದೆ. ಪ ಇಂದ ಹೊರಟು, ರಿ ತನಕ ಬಂದು ಒಮ್ಮೆ ವಾಪಸ್ ಹೋಗಿ, ಈಗ ಬಂದು ತಲುಪಿದೆ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಎಡಗೈ ಮೋಸ ಮಾಡುತ್ತದೆ. ತಳದಲ್ಲಿ ಷಡ್ಜ ಬರಬೇಕಾದ ಕಡೆ ಶುದ್ಧ ಧೈವತ ಇಟ್ಟು ಬೇರೆ ಕಾರ್ಡ್ ಕಟ್ಟುತ್ತದೆ. ಮೇಲೆ ಸ ಇದೆ, ಕೆಳಗೆ ನೆಲೆ ಇಲ್ಲ. ಹೀಗೆ ಪಂಚಮದಿಂದ ಷಡ್ಜಕ್ಕೆ ಹೋಗುವ ಹಾಗೆ ಮಾಡಿ ಬೇರೆಡೆ ಇಳಿಸುವುದು ಹಳೆಯ ತಂತ್ರ. ಕೃತಿಯುದ್ದಕ್ಕೂ ಬಲಗೈಯ ಬೆನ್ನು ಬಿಡದ ಆ ಶುದ್ಧ ದ ಈಗ ಎಡಗೈಯ ತಳಕ್ಕೆ ಬಂದು ಕೂತಿದೆ ಎನ್ನುವುದು ಮಾತ್ರ ಶೋಪಾನ್‌ನದೇ ಕೈಚಳಕ ಎನಿಸುತ್ತದೆ.

ದನಿ ಆರುತ್ತಾ ಹೋಗಲಿ ಎಂಬ ಸೂಚನೆ ಇಲ್ಲಿದೆ. ಇಪ್ಪತ್ತಮೂರನೇ ಬಾರ್‌ನಲ್ಲಿ ಒಂದು ವಿಚಿತ್ರ ಕಾರ್ಡ್, ತಳದಲ್ಲಿ ಪ್ರತಿ ಮಧ್ಯಮ. ಪ್ರಶ್ನೆ ಕೇಳಿ ನಿಲ್ಲಿಸಿದ ಹಾಗಿದೆ. ಅದಾದ ಮೇಲೆ ಮೌನ. ಮೌನದ ಚಿಹ್ನೆಯ ತಲೆಯ ಮೇಲೆ ಶೋಪಾನ್ ಫರ್ಮಾಟಾ ಇಟ್ಟಿದ್ದಾನೆ. ನುಡಿಸುವವರು ತಮಗೆ ಬೇಕೆನಿಸುವಷ್ಟು ಹೊತ್ತು ಕಾಯಬಹುದು ಎಂದರ್ಥ. ಇಷ್ಟು ಹೊತ್ತು ಎಡಗೈಯ ಬಡಿತ ನಿಲ್ಲದೆ ಸಾಗಿತ್ತು. ಹಾಗಾಗಿ ಈ ಮೌನ ಬರೀ ವಿರಾಮವಾಗಿ ಕೇಳಿಸುವುದಿಲ್ಲ.

ಆಮೇಲೆ ತುಂಬ ಮೆಲ್ಲಗೆ, ಪಿಯಾನೊದ ಕೆಳಗಿನ ಭಾಗದಲ್ಲಿ, ಮೂರು ಕಾರ್ಡ್. ಪ್ರತಿ ಮಧ್ಯಮ ಒಂದು ಹೆಜ್ಜೆ ಮೇಲೆ ಪಂಚಮಕ್ಕೆ ಸರಿಯುತ್ತದೆ, ಪಂಚಮ ಷಡ್ಜಕ್ಕೆ ಹೋಗುತ್ತದೆ. ತಳದಲ್ಲಿ ಷಡ್ಜ ಇರುವ, ಸರಿಯಾಗಿ ಕೂತ ಇ ಮೈನರ್ ಕಾರ್ಡ್ ಕೃತಿಯಲ್ಲಿ ಮೊದಲ ಸಲ ಕೇಳಿಸುವುದು ಇಲ್ಲೇ, 25ನೇ ಬಾರ್‌ನಲ್ಲಿ. ಎರಡು ನಿಮಿಷ ಇ ಮೈನರ್‌ನಲ್ಲಿ ಇದ್ದೆವು, ಇ ಮೈನರ್ ಸಿಕ್ಕಿದ್ದು ಕೊನೆಯ ಸದ್ದಿನಲ್ಲಿ.

ನುಡಿಸುವುದು ಸುಲಭವಾ?

ಬೆರಳಿಗೆ ಸುಲಭ. ಅದಕ್ಕೇ ಕಲಿಯುವವರ ಕೈಗೆ ಇದು ಬೇಗ ಸಿಗುತ್ತದೆ. ವೇಗವಿಲ್ಲ, ಅಗಾಧ ಹರವಿಲ್ಲ. ಕಷ್ಟ ಬೇರೆ ಕಡೆ ಇದೆ.

ಎಡಗೈಯಲ್ಲಿ ಒಂದೇ ಕಾರ್ಡ್ ಮತ್ತೆ ಮತ್ತೆ ಬರುತ್ತದೆ. ಎಲ್ಲವನ್ನೂ ಒಂದೇ ತೂಕದಲ್ಲಿ ಒತ್ತಿದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಪ್ರತಿಯೊಂದಕ್ಕೂ ಭಾವ ತುಂಬಲು ಹೊರಟರೆ ತೂಕಡಿಸಿದ ಹಾಗಾಗುತ್ತದೆ. ಮೂರು ಸ್ವರಗಳಲ್ಲಿ ಯಾವುದು ಸರಿಯಿತೋ ಅದನ್ನು ಕೂದಲೆಳೆಯಷ್ಟು ಜಾಸ್ತಿ ಕೇಳಿಸಬೇಕು. ಪೆಡಲ್ ಎಂದರೆ ಕಾಲಲ್ಲಿ ಒತ್ತುವ ಸನ್ನೆ. ಅದನ್ನು ಒತ್ತಿದರೆ ಸ್ವರಗಳು ಒಂದರೊಳಗೊಂದು ಬೆರೆಯುತ್ತವೆ. ಇಲ್ಲಿ ಕಾರ್ಡ್ ಬದಲಾದ ಕೂಡಲೇ ಪೆಡಲ್ ಬದಲಿಸದಿದ್ದರೆ ಪಕ್ಕಪಕ್ಕದ ಸ್ವರಗಳು ಕಲಸಿ ರಾಡಿಯಾಗುತ್ತದೆ.

ಲಯದ ವಿಷಯದಲ್ಲಿ ಶೋಪಾನ್ ಶಿಷ್ಯರಿಗೆ ಹೇಳುತ್ತಿದ್ದ ಮಾತು ನಮಗೆ ಪರಿಚಿತವೇ. ಎಡಗೈ ಲಯ ಬಿಡಬಾರದು, ಬಲಗೈ ಅದರ ಮೇಲೆ ಸ್ವಲ್ಪ ಹಿಂದೆ ಮುಂದೆ ಆಗಬಹುದು. ತಾಳ ಅದರ ಪಾಡಿಗೆ ನಡೆಯುತ್ತಿರುವಾಗ ಗಾಯಕರು ಎಳೆದು, ತಡೆದು ಹಾಡುವುದಿಲ್ಲವೇ, ಅದೇ. ಇದಕ್ಕೆ ರುಬಾಟೊ ಎನ್ನುತ್ತಾರೆ. ಈಗಿನ ವಾದಕರಲ್ಲಿ ಅನೇಕರು ಎರಡೂ ಕೈಗಳನ್ನು ಒಟ್ಟಿಗೆ ಹಿಗ್ಗಿಸಿ ಕುಗ್ಗಿಸುತ್ತಾರೆ.

ಕೇಳಲು ಶುರು ಮಾಡುವವರು ಆಲ್ಫ್ರೆಡ್ ಕಾರ್ಟೊ, ಮಾರ್ತಾ ಆರ್ಗೆರಿಚ್, ಮೌರಿಝಿಯೊ ಪೊಲ್ಲಿನಿ, ಈ ಮೂವರ ರೆಕಾರ್ಡಿಂಗ್‌ಗಳನ್ನು ಒಂದರ ಹಿಂದೊಂದು ಹಾಕಿ ನೋಡಬಹುದು. ಮೂರೂ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಸಿಗುತ್ತವೆ. 16ನೇ ಬಾರ್‌ನ ನುಗ್ಗಾಟ ಮತ್ತು 23ರ ಮೌನ, ಈ ಎರಡೇ ಜಾಗ ಗಮನಿಸಿದರೂ ವ್ಯತ್ಯಾಸ ತಿಳಿಯುತ್ತದೆ.

1849ರ ಅಕ್ಟೋಬರ್ 30ರಂದು ಪ್ಯಾರಿಸ್‌ನ ಮಾಡ್ಲೆನ್ ಚರ್ಚಿನಲ್ಲಿ ಶೋಪಾನ್‌ನ ಅಂತ್ಯಕ್ರಿಯೆ ನಡೆಯಿತು. ಮೊಜಾರ್ಟ್‌ನ ರಿಕ್ವಿಯೆಮ್, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆಯ ಸಂಗೀತ, ಹಾಡಿದರು. ಅದರ ಜೊತೆ ಆರ್ಗನ್ ಮೇಲೆ ಈ ಇ ಮೈನರ್ ಪ್ರೆಲ್ಯೂಡನ್ನೂ, ಇದೇ ಗುಚ್ಛದ 6ನೆಯದಾದ ಬಿ ಮೈನರ್ ಪ್ರೆಲ್ಯೂಡನ್ನೂ ನುಡಿಸಿದರು. ಇದು ಹಿಡಿಸಿದರೆ ಮುಂದೆ ಆ ಆರನೆಯದನ್ನು ಕೇಳಿ. ಅದೂ ಎರಡು ನಿಮಿಷದ ಆಸುಪಾಸು, ಆದರೆ ಕೈಗಳ ಕೆಲಸ ಅದಲುಬದಲು. ಕಾರ್ಡ್ ಒತ್ತುತ್ತಾ ಇರುವುದು ಬಲಗೈ, ಹಾಡುವುದು ಎಡಗೈ.